ಬಾಣ ಓಡುತ್ತೆ, ಪುಟ ಓಡಲ್ಲ: ಸ್ಕ್ರಾಲ್ ಆಗದ ಮೌಸ್‌ನ ಹಿಂದಿರೋ ಅರವತ್ತು ವರ್ಷದ ಕತೆ

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಓದಲು ಅನುಕೂಲವಾಗಲೆಂದು ಅಲ್ಲಲ್ಲಿ ತಿದ್ದಲಾಗಿದೆ.)

ಈ ಸಂಚಿಕೆಯನ್ನ ನೀವು ಬಸ್ಸಲ್ಲಿ ಕೂತು ಕೇಳ್ತಿರಬಹುದು, ಪಾತ್ರೆ ತೊಳೀತಾ ಕೇಳ್ತಿರಬಹುದು. ಎಲ್ಲೇ ಇರಿ, ಇಲ್ಲಿಗೆ ಬರೋ ಮೊದಲು ಒಂದು ಕೆಲಸ ಮಾಡಿದ್ದೀರಿ. ಹೆಬ್ಬೆರಳಿಂದ ಪರದೆಯನ್ನ ಮೇಲಕ್ಕೆ ತಳ್ಳಿದ್ದೀರಿ. ಅದೇ ಸ್ಕ್ರಾಲ್. ದಿನಕ್ಕೆ ಎಷ್ಟು ಸಲ ಮಾಡ್ತೀವಿ ಅಂತ ಯಾರೂ ಎಣಿಸಲ್ಲ. ಕೆಟ್ಟು ನಿಂತಾಗ ಮಾತ್ರ, ಅಯ್ಯೋ, ಇಂಥದ್ದೊಂದು ಇತ್ತಲ್ವಾ ಅನ್ನಿಸುತ್ತೆ.

ನಮ್ಮ ಚಿಗವ್ವನಿಗೆ ಹಾಗೇ ಆಯ್ತು.

ಚಿಗವ್ವ ಗದಗಿನವರು. ಗದಗ ಅಂದ್ರೆ ಪ್ರೆಸ್ಸುಗಳ ಊರು, ಮುದ್ರಣ ಕಾಶಿ ಅಂತಾರೆ. ಅಲ್ಲಿ 1996ರಿಂದ ಚಿಗವ್ವನದೊಂದು ಪುಟ್ಟ ಡಿಟಿಪಿ ಅಂಗಡಿ ಇದೆ. ಲಗ್ನಪತ್ರಿಕೆ, ಕರಪತ್ರ, ಕವನ ಸಂಕಲನ, ಎಲ್ಲಾ ಅಲ್ಲೇ ಟೈಪ್ ಆಗುತ್ತೆ. ಕಳೆದ ವರ್ಷ ಬಲಗೈ ನಡುಬೆರಳು ನೋಯೋಕೆ ಶುರುವಾಯ್ತು. ಮೌಸಿನ ಚಕ್ರ ತಿರುಗಿಸಿ ತಿರುಗಿಸಿ ಬಂದ ನೋವು. ಮಗ ಒಂದು ಹೊಸ ಮೌಸ್ ತಂದುಕೊಟ್ಟ. ವೈರ್ ಇಲ್ಲ, ಚಕ್ರ ಇಲ್ಲ, ಕಣ್ಣಿಗೆ ಕಾಣೋ ಬಟನ್ನೂ ಇಲ್ಲ. ಸೋಪಿನ ಬಿಲ್ಲೆ ತರ ನುಣ್ಣಗಿದೆ. ಅದರ ಬೆನ್ನ ಮೇಲೆ ಬೆರಳು ಸವರಿದ್ರೆ ಪುಟ ಸರೀಬೇಕು. ಸರೀಲಿಲ್ಲ.

ಚಿಗವ್ವ ಫೋನ್ ಮಾಡಿದ್ರು. "ತಮ್ಮಾ, ಬಾಣ ಓಡಾಡ್ತದ, ಒತ್ತಿದ್ರ ತೆರೀತದ. ಪುಟ ಮಾತ್ರ ಮ್ಯಾಲ ಹೋಗವಲ್ದು, ಕೆಳಗ ಬರವಲ್ದು. ಎರಡು ದಿನದಿಂದ ಸ್ಪಿರಿಟ್ ಹಚ್ಚಿ ಒರಸಾಕತ್ತೀನಿ." ಒಂದು ಶಾಲೆಯ ಸ್ಮರಣ ಸಂಚಿಕೆ, ಇನ್ನೂರು ಪುಟದ ಪ್ರೂಫು, ನಾಲ್ಕು ದಿನದಲ್ಲಿ ಕೊಡಬೇಕು. ಸ್ವಲ್ಪ ಹೊತ್ತು ಸುಮ್ಮನಿದ್ದು ಮೆಲ್ಲಗೆ ಅಂದ್ರು: "ಮಗ ಮುಟ್ಟಿದ್ರ ನಡೀತಿತ್ತಂತ. ನನ್ನ ಬೆರಳಿಗೇ ವಯಸ್ಸಾತು ಕಾಣಸ್ತದಪಾ. ಅಂಗಡಿ ಯಾರಿಗರೆ ಕೊಟ್ಟು ಬಿಡೂದು ಚಲೋ."

ಒಂದು ಮೌಸು ಸ್ಕ್ರಾಲ್ ಆಗಲಿಲ್ಲ ಅಂತ ಮೂವತ್ತು ವರ್ಷದ ಅಂಗಡಿ ಬಿಡೋ ಮಾತು. ನಗಬೇಡಿ, ನಾವೆಲ್ಲ ಇದನ್ನೇ ಮಾಡೋದು. ಯಂತ್ರ ಕೈಕೊಟ್ಟಾಗ ತಪ್ಪು ನಮ್ಮದೇ ಅಂದ್ಕೋತೀವಿ. ಹಾಗಾಗಿ ಇವತ್ತು ಎರಡು ಕೆಲಸ ಒಟ್ಟಿಗೆ ಮಾಡೋಣ. ಚಿಗವ್ವನ ಮೌಸಿನ ತೊಂದರೆ ಹುಡುಕೋಣ, ಮತ್ತೆ ಸ್ಕ್ರಾಲ್ ಅನ್ನೋದು ಎಲ್ಲಿಂದ ಬಂತು ಅಂತ ನೋಡೋಣ. ಮೊದಲನೇದಕ್ಕೆ ಉತ್ತರ ಎರಡನೇದರಲ್ಲಿದೆ.

ಮರದ ಡಬ್ಬಿ, ಎರಡು ಚಕ್ರ

1945. ಎರಡನೇ ಮಹಾಯುದ್ಧ ಆಗಷ್ಟೇ ಮುಗಿದಿದೆ. ಅಮೆರಿಕದ ನೌಕಾಪಡೆಯ ಒಬ್ಬ ಯುವ ರೇಡಾರ್ ತಂತ್ರಜ್ಞ ಫಿಲಿಪೀನ್ಸ್‌ನಲ್ಲಿದ್ದಾನೆ. ಅಲ್ಲಿನ ರೆಡ್ ಕ್ರಾಸ್ ಗ್ರಂಥಾಲಯದಲ್ಲಿ ವ್ಯಾನೆವರ್ ಬುಷ್ ಅನ್ನೋ ವಿಜ್ಞಾನಿಯ ಲೇಖನ ಓದ್ತಾನೆ. ಮನುಷ್ಯನ ಜ್ಞಾನ ಬೆಟ್ಟದಷ್ಟು ಬೆಳೀತಿದೆ, ಅದರಲ್ಲಿ ಬೇಕಾದ್ದನ್ನ ಹುಡುಕೋಕೆ ಒಂದು ಯಂತ್ರ ಬೇಕು ಅನ್ನೋದು ಲೇಖನದ ಸಾರ. ಓದಿದ ಹುಡುಗನ ಹೆಸರು ಡಗ್ಲಸ್ ಎಂಗಲ್‌ಬಾರ್ಟ್. ಆ ವಿಚಾರ ಅವನನ್ನ ಬಿಡಲೇ ಇಲ್ಲ.

ಮುಂದೆ ಎಂಗಲ್‌ಬಾರ್ಟ್ ಕ್ಯಾಲಿಫೋರ್ನಿಯಾದ ಮೆನ್ಲೋ ಪಾರ್ಕ್‌ನಲ್ಲಿದ್ದ ಸ್ಟ್ಯಾನ್‌ಫರ್ಡ್ ರಿಸರ್ಚ್ ಇನ್‌ಸ್ಟಿಟ್ಯೂಟ್ ಸೇರಿದರು. ಪರದೆಯ ಮೇಲೆ "ಇದು ಬೇಕು" ಅಂತ ತೋರಿಸೋಕೆ ಸುಲಭದ ದಾರಿ ಯಾವುದು ಅನ್ನೋದು ಅವರ ಪ್ರಶ್ನೆ. 1964ರಲ್ಲಿ ಅವರ ಕಲ್ಪನೆಯನ್ನ ಸಹೋದ್ಯೋಗಿ ಬಿಲ್ ಇಂಗ್ಲಿಷ್ ಕೈಯಾರೆ ಮಾಡಿಕೊಟ್ಟರು. ಒಂದು ಮರದ ಡಬ್ಬಿ, ಮೇಲೆ ಒಂದು ಬಟನ್, ಕೆಳಗೆ ಎರಡು ಲೋಹದ ಚಕ್ರ. ಒಂದು ಚಕ್ರ ಎಡಬಲ ಚಲನೆ ಅಳೆಯುತ್ತೆ, ಇನ್ನೊಂದು ಹಿಂದೆಮುಂದೆ. ಬಾಲದ ಹಾಗೆ ವೈರ್ ಇತ್ತು, ಆದ್ದರಿಂದ ಇಲಿ. ಆ ಹೆಸರು ಮೊದಲು ಇಟ್ಟಿದ್ದು ಯಾರು ಅನ್ನೋದು ಆ ತಂಡದಲ್ಲೇ ಯಾರಿಗೂ ನೆನಪಿರಲಿಲ್ಲ.

ಮೌಸ್ ಸುಮ್ಮನೆ ಗೆದ್ದುಬಿಡಲಿಲ್ಲ. ಬೆಳಕಿನ ಪೆನ್ನು, ಜಾಯ್‌ಸ್ಟಿಕ್, ಮೇಜಿನ ಕೆಳಗೆ ಮೊಣಕಾಲಿಂದ ನಡೆಸೋ ಒಂದು ಸಾಧನ, ಇವೆಲ್ಲದರ ಜೊತೆ ಪರೀಕ್ಷೆಗೆ ಇಟ್ಟರು. ಅಭ್ಯಾಸ ಇದ್ದವರ ಕೈಯಲ್ಲಿ ಮೌಸ್ ಮುಂದೆ ಬಂತು.

1968ರ ಡಿಸೆಂಬರ್ 9ರಂದು ಸ್ಯಾನ್ ಫ್ರಾನ್ಸಿಸ್ಕೋದ ಒಂದು ಸಮ್ಮೇಳನದಲ್ಲಿ ಎಂಗಲ್‌ಬಾರ್ಟ್ ಒಂದೂವರೆ ಗಂಟೆ ಪ್ರಾತ್ಯಕ್ಷಿಕೆ ಕೊಟ್ಟರು. ಮೌಸ್, ಲಿಂಕ್ ಒತ್ತಿ ಬೇರೆ ಕಡೆ ಹೋಗೋದು, ದೂರದಲ್ಲಿ ಕೂತವರ ಜೊತೆ ವಿಡಿಯೊದಲ್ಲಿ ಮಾತಾಡುತ್ತಾ ಒಂದೇ ಬರಹ ತಿದ್ದೋದು, ಎಲ್ಲಾ ಅಂದೇ ತೋರಿಸಿದ್ರು. ಮನುಷ್ಯ ಚಂದ್ರನ ಮೇಲೆ ಇಳಿಯೋಕೆ ಇನ್ನೂ ಏಳು ತಿಂಗಳು ಇತ್ತು!

ಈಗ ಒಂದು ವಿಷಯ ಗಮನಿಸಿ. ಆ ಮೌಸಿನಲ್ಲಿ ಸ್ಕ್ರಾಲ್ ಇರಲಿಲ್ಲ. ತೋರಿಸೋದಷ್ಟೇ ಅದರ ಕೆಲಸ. ಬರಹದಲ್ಲಿ ಮುಂದೆ ಹೋಗಬೇಕು ಅಂದ್ರೆ ಕಂಪ್ಯೂಟರಿಗೆ ಬೇರೆಯಾಗಿ ಆಜ್ಞೆ ಕೊಡಬೇಕಿತ್ತು. ಬಾಣ ಓಡಿಸೋದು ಒಂದು ಕೆಲಸ, ಪುಟ ಓಡಿಸೋದು ಇನ್ನೊಂದು. ಹುಟ್ಟಿನಿಂದಲೇ ಎರಡೂ ಬೇರೆ ಬೇರೆ. ಇದನ್ನ ಜೇಬಲ್ಲಿ ಇಟ್ಕೊಂಡಿರಿ, ಆಮೇಲೆ ಬೇಕಾಗುತ್ತೆ.

ಗೋಲಿ ಮತ್ತು ಕೊಳೆ

ಸ್ಕ್ರಾಲ್ ಅಂದ್ರೆ ಸುರುಳಿ. ಹಳೇ ಕಾಲದಲ್ಲಿ ಪಶ್ಚಿಮದ ಕಡೆ ಬರಹವನ್ನ ಸುರುಳಿ ಸುತ್ತಿ ಇಡ್ತಿದ್ರು, ಓದೋವಾಗ ಬಿಚ್ಚುತ್ತಾ ಹೋಗ್ತಿದ್ರು. ನಮ್ಮಲ್ಲಿ ಓಲೆಗರಿ, ಅದನ್ನ ಒಂದೊಂದೇ ಮಗುಚಬೇಕು. ಇನ್ನು ವ್ಯಾಪಾರದ ಲೆಕ್ಕ ಬರೀತಿದ್ದ ಕಡತ ಮಡಿಕೆ ಮಡಿಕೆಯಾಗಿ ತೆರೆದುಕೊಳ್ತಿತ್ತು. ಪರದೆಗೆ ಸುರುಳಿಯ ಕಲ್ಪನೆಯೇ ಅಂಟಿಕೊಂಡಿತು, ಯಾಕಂದ್ರೆ ಪರದೆ ಸಣ್ಣದು, ಬರಹ ಉದ್ದ.

1970ರ ದಶಕದಲ್ಲಿ ಜೆರಾಕ್ಸ್ ಕಂಪನಿಯ ಸಂಶೋಧನಾ ಕೇಂದ್ರ ಪಾರ್ಕ್‌ನಲ್ಲಿ ಎರಡು ಬದಲಾವಣೆ ಆದವು. ಬಿಲ್ ಇಂಗ್ಲಿಷ್ ಅಲ್ಲಿಗೆ ಹೋಗಿದ್ರು. ಮೌಸಿನ ಹೊರಗಿನ ಚಕ್ರಗಳ ಜಾಗಕ್ಕೆ ಒಂದು ಗುಂಡು ಬಂತು. ಗುಂಡು ಮೇಜಿನ ಮೇಲೆ ಉರುಳುತ್ತೆ, ಒಳಗಿನ ಸಣ್ಣ ರೋಲರ್‌ಗಳನ್ನ ತಿರುಗಿಸುತ್ತೆ. ಜರ್ಮನಿಯ ಟೆಲಿಫುಂಕನ್ ಕಂಪನಿ ಇಂಥದ್ದೇ ಗುಂಡಿನ ಸಾಧನವನ್ನ 1968ರಲ್ಲೇ ಮಾಡಿತ್ತು, ಅದು ಬೇರೆ ಮಾತು. ಎರಡನೇ ಬದಲಾವಣೆ, ಪರದೆಯ ಅಂಚಿಗೆ ಬಂದ ಉದ್ದನೆ ಪಟ್ಟಿ, ಅಂದ್ರೆ ಸ್ಕ್ರಾಲ್ ಬಾರ್. ಬಾಣವನ್ನ ಆ ಪಟ್ಟಿಗೆ ಒಯ್ದು ಒತ್ತಿದ್ರೆ ಪುಟ ಸರಿಯುತ್ತೆ.

1979ರಲ್ಲಿ ಸ್ಟೀವ್ ಜಾಬ್ಸ್ ಪಾರ್ಕ್‌ಗೆ ಹೋಗಿ ಇದನ್ನೆಲ್ಲಾ ನೋಡಿದ್ರು. ಜೆರಾಕ್ಸ್‌ನ ಮೌಸಿಗೆ ನೂರಾರು ಡಾಲರ್ ಬೆಲೆ, ಬೇಗ ಕೆಡ್ತಿತ್ತು ಕೂಡ. ಅಗ್ಗದ, ಗಟ್ಟಿ ಮೌಸ್ ಬೇಕು ಅಂತ ಡೀನ್ ಹವಿ ಅನ್ನೋ ವಿನ್ಯಾಸಕಾರರಿಗೆ ಹೇಳಿದ್ರು. ಹವಿ ಅಂಗಡಿಗೆ ಹೋಗಿ ಕಂಕುಳಿಗೆ ಹಚ್ಚೋ ರೋಲ್-ಆನ್ ಡಿಯೋಡರೆಂಟ್ ಕೊಂಡು ತಂದು, ಅದರ ಗುಂಡು ಕಿತ್ತು, ಬೆಣ್ಣೆ ಇಡೋ ಪ್ಲಾಸ್ಟಿಕ್ ಬಟ್ಟಲಿನ ಜೊತೆ ಸೇರಿಸಿ ಮೊದಲ ಮಾದರಿ ಕಟ್ಟಿದ್ರಂತೆ. ಆ ಸಾಲಿನ ಮೌಸ್ 1983ರಲ್ಲಿ ಲಿಸಾ ಜೊತೆ, 1984ರಲ್ಲಿ ಮ್ಯಾಕಿಂಟಾಷ್ ಜೊತೆ ಜನರ ಮೇಜಿಗೆ ಬಂತು.

ಮೇಜಿನ ಮೇಲೆ ಉರುಳೋದು ಅಂದ್ಮೇಲೆ ಮೇಜಿನ ಕೊಳೆಯೂ ಒಳಗೆ ಹೋಗುತ್ತೆ ತಾನೇ? ಧೂಳು, ಕೂದಲು, ಬೆವರಿನ ಜಿಡ್ಡು ರೋಲರಿಗೆ ಕಪ್ಪು ಉಂಗುರದ ಹಾಗೆ ಸುತ್ತಿಕೊಳ್ತಿತ್ತು. ಬಾಣ ಎಳೆದೆಳೆದು ನಡೆಯೋದು. ಚಿಗವ್ವನ ಅಂಗಡಿಯಲ್ಲಿ ಬೆಳಗಿನ ಪೂಜೆ ಆದ ಮೇಲೆ ಇನ್ನೊಂದು ಪೂಜೆ ಇರ್ತಿತ್ತು. ಮೌಸ್ ಮಗುಚಿ, ಹಿಂದಿನ ಮುಚ್ಚಳ ತಿರುಗಿಸಿ, ಗುಂಡು ತೆಗೆದು, ಟಾಚಣಿಯಿಂದ ರೋಲರಿನ ಕೊಳೆ ಕೆರೆದು, ಸ್ಪಿರಿಟ್ ಹತ್ತಿಯಲ್ಲಿ ಒರೆಸೋದು. ನಾನು ಸಣ್ಣವನಿದ್ದಾಗ ಆ ಗುಂಡು ಕದ್ದು ಗೋಲಿ ಆಡಿ ಬೈಸಿಕೊಂಡಿದ್ದೀನಿ. ಆ ಕಾಲದ ಮೌಸಿನ ದೊಡ್ಡ ಗುಣ ಇದು. ರೋಗ ಕಣ್ಣಿಗೆ ಕಾಣ್ತಿತ್ತು. ಮುಚ್ಚಳ ತೆಗೆದ್ರೆ ಸಾಕು, ಎಲ್ಲಿ ಕೆಟ್ಟಿದೆ ಅಂತ ಯಾರು ಬೇಕಾದ್ರೂ ಹೇಳಬಹುದಿತ್ತು.

ಚಕ್ರ ಬಂತು, ಅದರ ಜೊತೆ ಒಂದು ಒಪ್ಪಂದವೂ ಬಂತು

1993ರ ಸುಮಾರು. ಮೈಕ್ರೋಸಾಫ್ಟ್‌ನಲ್ಲಿ ಎರಿಕ್ ಮಿಷೆಲ್ಮನ್ ಅನ್ನೋರು ಎಕ್ಸೆಲ್ ಬಳಸೋ ಜನರನ್ನ ಗಮನಿಸ್ತಿದ್ರು. ದೊಡ್ಡ ಶೀಟಿನಲ್ಲಿ ಎಲ್ಲಿದ್ದೀವಿ ಅನ್ನೋದೇ ತಿಳೀದೆ ಜನ ಒದ್ದಾಡ್ತಿದ್ರು. ಮಿಷೆಲ್ಮನ್ ಒಂದು ಜಾಯ್‌ಸ್ಟಿಕ್ ತಂದು ಎಡಗೈಯಲ್ಲಿ ಹಿಡಿದು ಶೀಟನ್ನ ಹಿಗ್ಗಿಸೋದು, ಸರಿಸೋದು ಮಾಡಿ ನೋಡಿದ್ರು. ಆ ಪ್ರಯೋಗ ಬೆಳೆದು ಕೊನೆಗೆ ಮೌಸಿನ ನಡುವೆ ಒಂದು ಪುಟ್ಟ ಚಕ್ರವಾಗಿ ಕೂತಿತು. 1996ರಲ್ಲಿ ಇಂಟೆಲಿಮೌಸ್ ಬಂತು. ಒಂದು ವರ್ಷ ಮೊದಲೇ ಬೇರೆ ಕಂಪನಿಗಳು ಚಕ್ರ ಇರೋ ಮೌಸ್ ಮಾರಿದ್ದವು, ಆದರೆ ಜಗತ್ತಿಗೆ ಚಕ್ರದ ರೂಢಿ ಹಿಡಿಸಿದ್ದು ಇದು.

ಚಕ್ರ ತಿರುಗಿದ ಕೂಡಲೇ ಪುಟ ತಿರುಗುತ್ತೆ ಅಂತ ನಾವು ತಿಳ್ಕೊಂಡಿದ್ದೀವಿ. ಹಾಗಿಲ್ಲ. ಚಕ್ರಕ್ಕೂ ಪುಟಕ್ಕೂ ನಡುವೆ ಯಾವ ಹಗ್ಗವೂ ಇಲ್ಲ. ಚಕ್ರ ಒಂದು ಹಲ್ಲು ತಿರುಗಿದ್ರೆ ಮೌಸ್ ಕಂಪ್ಯೂಟರಿಗೆ ಒಂದು ಸಂದೇಶ ಕಳಿಸುತ್ತೆ. ವಿಂಡೋಸ್ ಅದನ್ನ 120 ಅನ್ನೋ ಸಂಖ್ಯೆಯಾಗಿ ತೆರೆದಿರೋ ಪ್ರೋಗ್ರಾಂಗೆ ಕೊಡುತ್ತೆ. ಒಂದು ಹಲ್ಲಿಗೆ 1 ಅಂತ ಇಡಬಹುದಿತ್ತಲ್ಲ, 120 ಯಾಕೆ? ಮುಂದೆ ಇನ್ನೂ ನಯವಾದ ಚಕ್ರಗಳು ಬಂದ್ರೆ ಅರ್ಧ ಹಲ್ಲು, ಕಾಲು ಹಲ್ಲು ಲೆಕ್ಕವನ್ನೂ ಕಳಿಸೋಕೆ ಆಗಲಿ ಅಂತ. ಆ ಸಂಖ್ಯೆ ಸಿಕ್ಕ ಮೇಲೆ ಪುಟ ಎಷ್ಟು ಸರೀಬೇಕು, ಸರೀಬೇಕೋ ಬೇಡವೋ, ಅದೆಲ್ಲ ಪ್ರೋಗ್ರಾಂನ ಮರ್ಜಿ.

ಹೀಗಾಗಿ ಚಕ್ರದ ಮೌಸ್ ಬಂದ ಹೊಸದರಲ್ಲೇ "ಸ್ಕ್ರಾಲ್ ಆಗ್ತಿಲ್ಲ" ಅನ್ನೋ ದೂರು ಹುಟ್ಟಿಕೊಂಡಿತು. ಆಫೀಸ್ 97ರಲ್ಲಿ ಚಕ್ರ ಓಡುತ್ತೆ, ಅದಕ್ಕಿಂತ ಹಳೇ ಪ್ರೋಗ್ರಾಂ ತೆರೆದ್ರೆ ಅದೇ ಚಕ್ರ ಮಂಕು. ಮೌಸ್ ಕೂಗ್ತಾನೇ ಇದೆ, ಆದರೆ ಆ ಪ್ರೋಗ್ರಾಂಗೆ ಅದರ ಭಾಷೆ ಬರಲ್ಲ. ಬಾಣ ಓಡಿಸೋದು ಎಲ್ಲರಿಗೂ ಗೊತ್ತಿದ್ದ ಹಳೇ ಭಾಷೆ, ಸ್ಕ್ರಾಲ್ ಅನ್ನೋದು ಎರಡೂ ಕಡೆಯವರು ಮೊದಲೇ ಮಾತಾಡಿಕೊಂಡಿರಬೇಕಾದ ಒಪ್ಪಂದ.

ಮುಚ್ಚಳ ಮಾಯವಾಯ್ತು

1999ರಲ್ಲಿ ಗುಂಡಿನ ಕಾಲ ಮುಗಿಯುತ್ತಾ ಬಂತು. ಮೈಕ್ರೋಸಾಫ್ಟ್‌ನ ಇಂಟೆಲಿಮೌಸ್ ಎಕ್ಸ್‌ಪ್ಲೋರರ್ ಹೊಟ್ಟೆಯಲ್ಲಿ ಕೆಂಪು ದೀಪ, ಪಕ್ಕದಲ್ಲೊಂದು ಪುಟ್ಟ ಕ್ಯಾಮೆರಾ. ಸೆಕೆಂಡಿಗೆ 1,500 ಚಿತ್ರ ತೆಗೆದು, ಒಂದಕ್ಕೊಂದು ಹೋಲಿಸಿ, ಕೈ ಯಾವ ಕಡೆ ಹೋಯ್ತು ಅಂತ ಲೆಕ್ಕ ಹಾಕುತ್ತೆ. ಮೊದಲೂ ಬೆಳಕಿನ ಮೌಸ್‌ಗಳಿದ್ದವು, ಅವಕ್ಕೆ ಗೆರೆ ಹಾಕಿದ ವಿಶೇಷ ಪ್ಯಾಡ್ ಬೇಕಿತ್ತು. ಇದಕ್ಕೆ ಬಹುತೇಕ ಯಾವ ಮೇಜಾದರೂ ನಡೀತಿತ್ತು. ಕೆಳಗಿನ ಕೊಳೆಯ ಕಾಟ ತಪ್ಪಿತು, ಚಿಗವ್ವನ ಟಾಚಣಿಗೆ ನಿವೃತ್ತಿ ಸಿಕ್ಕಿತು.

ಆದರೆ ಕೊಳೆ ಅಷ್ಟು ಸುಲಭಕ್ಕೆ ಸೋಲಲ್ಲ. 2005ರಲ್ಲಿ ಆಪಲ್ ಮೈಟಿ ಮೌಸ್ ತಂದಿತು. ಚಕ್ರದ ಬದಲು ಬೆನ್ನ ಮೇಲೆ ಮುತ್ತಿನಷ್ಟು ಸಣ್ಣ ಗುಂಡು, ಎಲ್ಲಾ ದಿಕ್ಕಿಗೂ ಸ್ಕ್ರಾಲ್ ಆಗುತ್ತೆ. ಬೆರಳಿನ ಜಿಡ್ಡು ನೇರ ಒಳಗೆ! ಸ್ವಲ್ಪ ದಿನಕ್ಕೆ ಒಂದು ಕಡೆ ಓಡುತ್ತೆ, ಇನ್ನೊಂದು ಕಡೆ ಓಡಲ್ಲ. ಹಳೇ ಮೌಸಿನ ಹಾಗೆ ತಿರುಗಿಸಿ ತೆಗೆಯೋ ಮುಚ್ಚಳ ಇರಲಿಲ್ಲ. ಮೌಸನ್ನ ತಲೆಕೆಳಗು ಹಿಡಿದು ಬಟ್ಟೆಯ ಮೇಲೆ ಗುಂಡನ್ನ ಉಜ್ಜಿ, ಒಳಗಿನ ಕೊಳೆ ಅದಾಗೇ ಉದುರಲಿ ಅಂತ ಕಾಯಬೇಕಿತ್ತು. ರೋಗ ಅದೇ, ಆದರೆ ಬಾಗಿಲಿಗೆ ಬೀಗ.

ಮುಂದಿನ ಹೆಜ್ಜೆ ಏನಿರಬಹುದು? ಕೊಳೆ ಹೋಗೋ ತೂತನ್ನೇ ಇಲ್ಲ ಮಾಡೋದು. ತಿರುಗೋ ಭಾಗವೇ ಬೇಡ.

ನೋವಿದ್ದ ಕೈಗಳು ಕಂಡುಕೊಂಡ ದಾರಿ

ಬೆರಳು ಮುಟ್ಟಿದ್ದನ್ನ ಗಾಜು ಗುರುತಿಸೋ ವಿದ್ಯೆ ಮೌಸಿನಷ್ಟೇ ಹಳೇದು. ಬ್ರಿಟನ್ನಿನ ಮಾಲ್ವರ್ನ್‌ನಲ್ಲಿ ರೇಡಾರ್ ಸಂಶೋಧನೆ ಮಾಡ್ತಿದ್ದ ಇ. ಎ. ಜಾನ್ಸನ್ 1965ರಲ್ಲೇ ಇದರ ಬಗ್ಗೆ ಬರೆದಿದ್ರು. ತತ್ವ ಸರಳ. ನಮ್ಮ ದೇಹ ವಿದ್ಯುತ್ತನ್ನ ಸ್ವಲ್ಪ ಹಿಡಿದಿಟ್ಟುಕೊಳ್ಳುತ್ತೆ. ಗಾಜಿನ ಅಡಿ ಕೂದಲೆಳೆಯಂಥ ತಂತಿಗಳ ಬಲೆ ಹಾಸಿದ್ರೆ, ಬೆರಳು ಹತ್ತಿರ ಬಂದ ಜಾಗದಲ್ಲಿ ಆ ತಂತಿಗಳ ಲೆಕ್ಕ ಚೂರು ಏರುಪೇರಾಗುತ್ತೆ. ಅಲ್ಲೇ ಬೆರಳಿದೆ ಅಂತ ಅರ್ಥ. ಕಪಾಸಿಟಿವ್ ಟಚ್ ಅಂದ್ರೆ ಇದೇ, ನಿಮ್ಮ ಫೋನಲ್ಲಿರೋದೂ ಇದೇ. ಮಳೆಯಲ್ಲಿ ಬಸ್ ಸ್ಟಾಪಲ್ಲಿ ನಿಂತು ಒಟಿಪಿ ಹಾಕೋಕೆ ಹೋದ್ರೆ ಬೇರೆ ಬೇರೆ ಅಂಕಿ ಒತ್ತಿಕೊಳ್ಳುತ್ತಲ್ಲ, ನೀರೂ ಆ ಲೆಕ್ಕ ಕೆಡಿಸುತ್ತೆ, ಅದಕ್ಕೇ.

ಇದರಿಂದ ಬೆರಳಿನ ಚಲನೆಯನ್ನ ಭಾಷೆಯಾಗಿ ಮಾಡಿದವರಲ್ಲಿ ಒಬ್ಬರು ವೇಯ್ನ್ ವೆಸ್ಟರ್‌ಮನ್. ಅಮೆರಿಕದ ಡೆಲವೇರ್ ವಿಶ್ವವಿದ್ಯಾಲಯದಲ್ಲಿ ಪಿಎಚ್‌.ಡಿ ಮಾಡ್ತಿದ್ದಾಗ ಅವರಿಗೆ ಕೈನೋವು, ಟೈಪ್ ಮಾಡೋದೇ ಕಷ್ಟ. ಕೀಲಿ ಒತ್ತೋಕೆ ಬೇಕಾದ ಅಷ್ಟು ಬಲವನ್ನೂ ಹಾಕದೆ, ಸುಮ್ಮನೆ ಬೆರಳು ಸವರಿದ್ರೆ ಕೆಲಸ ಆಗೋ ಹಲಗೆ ಬೇಕಿತ್ತು. ಗುರುಗಳಾದ ಜಾನ್ ಎಲಿಯಾಸ್ ಜೊತೆ ಸೇರಿ 1998ರಲ್ಲಿ ಫಿಂಗರ್‌ವರ್ಕ್ಸ್ ಅನ್ನೋ ಕಂಪನಿ ಕಟ್ಟಿದ್ರು. ಒಂದು ಬೆರಳು, ಎರಡು ಬೆರಳು, ಹೇಗೆ ಸವರಿದ್ರೆ ಏನು ಅರ್ಥ ಅಂತ ಕಂಪ್ಯೂಟರಿಗೆ ಕಲಿಸಿದ್ರು. 2005ರಲ್ಲಿ ಆಪಲ್ ಆ ಕಂಪನಿಯನ್ನ ಕೊಂಡಿತು.

ಆಮೇಲಿನ ಕತೆ ನಿಮ್ಮ ಕೈಯಲ್ಲೇ ಇದೆ. ಬೆರಳಿಂದ ತಳ್ಳಿದ ಪಟ್ಟಿ ಜಾರುತ್ತಾ ಹೋಗಿ ಮೆಲ್ಲಗೆ ನಿಲ್ಲೋ ಪ್ರಯೋಗವನ್ನ ನೋಡಿದಾಗಲೇ ಇದರಿಂದ ಫೋನ್ ಮಾಡಬಹುದು ಅಂತ ಹೊಳೆದಿದ್ದು ಅಂತ ಜಾಬ್ಸ್ 2010ರಲ್ಲಿ ಹೇಳಿದ್ರು. ಅಂದ್ರೆ ಸ್ಕ್ರಾಲ್‌ನಿಂದ ಫೋನು! 2007ರಲ್ಲಿ ಐಫೋನ್ ಬಂತು. 2009ರ ಅಕ್ಟೋಬರ್‌ನಲ್ಲಿ ಅದೇ ವಿದ್ಯೆ ಮೌಸಿನ ಬೆನ್ನೇರಿತು, ಮ್ಯಾಜಿಕ್ ಮೌಸ್ ಅನ್ನೋ ಹೆಸರಲ್ಲಿ. 2011ರಲ್ಲಿ ಮೈಕ್ರೋಸಾಫ್ಟ್ ಕೂಡ ಟಚ್ ಮೌಸ್ ಮಾರಾಟಕ್ಕೆ ತಂದಿತು.

ಈಗ ಚಿಗವ್ವನ ಮಾತು ನೆನಪಿಸಿಕೊಳ್ಳಿ. ಬೆರಳು ನೋಯುತ್ತೆ ಅಂತ ಈ ಮೌಸ್ ತಗೊಂಡ್ರು. ಅದು ಓಡದಿದ್ದಾಗ ಬೆರಳನ್ನೇ ದೂರಿದ್ರು. ಬೆರಳು ನೋಯೋರಿಗೆ ಅಂತಲೇ ಹುಟ್ಟಿದ ವಿದ್ಯೆ ಇದು ಅಂತ ಅವರಿಗೆ ಯಾರೂ ಹೇಳಿರಲಿಲ್ಲ.

ಫೋನಿನಲ್ಲೇ ಪತ್ತೇದಾರಿ

ನಾನು ಬೆಂಗಳೂರಲ್ಲಿ, ಮೌಸ್ ಗದಗಿನಲ್ಲಿ. ಮುಚ್ಚಳ ತೆಗೆದು ನೋಡೋ ಹಾಗಿಲ್ಲ, ಮುಚ್ಚಳವೇ ಇಲ್ಲ. ಇತಿಹಾಸ ಕೈಯಲ್ಲಿ ಹಿಡಿದು ಒಂದೊಂದೇ ಪ್ರಶ್ನೆ ಕೇಳ್ತಾ ಹೋದೆ. ನಿಮ್ಮ ಮೌಸ್ ಹೀಗೆ ಮಾಡಿದ್ರೆ ನೀವೂ ಇದೇ ದಾರೀಲಿ ಹೋಗಬಹುದು.

"ಚಿಗವ್ವಾ, ಬಾಣ ಸರಾಗ ಓಡ್ತದೋ, ತಡೀತಾ ತಡೀತಾ ಓಡ್ತದೋ?" ಸರಾಗ ಅಂದ್ರು. ಒಂದೇ ಉತ್ತರದಲ್ಲಿ ಮೂರು ಅನುಮಾನ ಹೋದವು. ಬ್ಯಾಟರಿ ಇದೆ, ಬ್ಲೂಟೂತ್ ಕೂಡಿಕೊಂಡಿದೆ, ಹೊಟ್ಟೆಯ ಕೆಳಗಿನ ಕಣ್ಣು ಸರಿಯಿದೆ. ತಡೆದು ತಡೆದು ಓಡಿದ್ದಿದ್ರೆ ಮೊದಲು ಬ್ಯಾಟರಿ ನೋಡಬೇಕಿತ್ತು. ಆಮೇಲೆ ಪಕ್ಕದಲ್ಲಿ ಚುಚ್ಚಿರೋ ಯುಎಸ್‌ಬಿ 3 ಹಾರ್ಡ್ ಡಿಸ್ಕು ದೂರ ಇಡಿ ಅನ್ನಬೇಕಿತ್ತು. ಬ್ಲೂಟೂತ್ ಮಾತಾಡೋ 2.4 ಗಿಗಾಹರ್ಟ್ಸ್ ಅಲೆಯಲ್ಲೇ ಅದು ಗದ್ದಲ ಎಬ್ಬಿಸಬಲ್ಲದು ಅಂತ ಇಂಟೆಲ್ 2012ರಲ್ಲೇ ಬರೆದು ತೋರಿಸಿದೆ.

ಕೆಳಗಿನ ಅರ್ಧ ಆರೋಗ್ಯ. ಉಳಿದಿದ್ದು ಬೆನ್ನು. ಮೌಸ್ ಮೇಲೆ ಪ್ಲಾಸ್ಟಿಕ್ ಕವರ್, ಸ್ಟಿಕ್ಕರ್ ಏನಾದ್ರೂ ಇದೆಯಾ? ಇಲ್ಲ. ಕೈಗೆ ಕೊಬ್ಬರಿ ಎಣ್ಣೆ, ಕ್ರೀಮು? ಇಲ್ಲ. ಒದ್ದೆ? ಸ್ಪಿರಿಟ್ ಒರೆಸಿ ಬಹಳ ಹೊತ್ತಾಗಿದೆ, ಒಣಗಿದೆ. ಅಂದಹಾಗೆ ನೀವು ಒರೆಸೋದಾದ್ರೆ ಮೆತ್ತನೆ ಒಣಬಟ್ಟೆ ಸಾಕು, ತೀರಾ ಜಿಡ್ಡಿದ್ರೆ ಸ್ವಲ್ಪ ತೇವ ಮಾಡಿಕೊಳ್ಳಿ. ಮೌಸನ್ನ ಒಮ್ಮೆ ಆಫ್ ಮಾಡಿ, ಬೆನ್ನ ಮೇಲೆ ಬೆರಳಿಡದೆ ಮತ್ತೆ ಆನ್ ಮಾಡಿಸಿದೆ. ಟಚ್ ಬಲೆಗಳು ಶುರುವಾಗೋವಾಗ "ಬೆರಳಿಲ್ಲದ ಸ್ಥಿತಿ ಇದು" ಅಂತ ಲೆಕ್ಕ ಹೊಂದಿಸಿಕೊಳ್ಳೋದುಂಟು. ಆದರೂ ಪುಟ ಅಲ್ಲಾಡಲಿಲ್ಲ.

ಒಂದೇ ಪ್ರೋಗ್ರಾಂನಲ್ಲಿ ಹೀಗೋ, ಎಲ್ಲಾ ಕಡೆನೋ? ಎಲ್ಲಾ ಕಡೆ. ಸೆಟ್ಟಿಂಗ್ಸ್‌ನಲ್ಲಿ ಸ್ಕ್ರಾಲ್ ವೇಗ ಸೊನ್ನೆ ಇದೆಯಾ? ಇಲ್ಲ, ನಡುವೆ ಇದೆ.

ಆಗ ನೆನಪಾಗಿದ್ದು ಅವರದೇ ಮಾತು: ಮಗ ಮುಟ್ಟಿದ್ರೆ ನಡೀತಿತ್ತಂತೆ. "ಚಿಗವ್ವಾ, ಅವ ಯಾವ ಕಂಪ್ಯೂಟರಿನಾಗ ನೋಡಿದ್ದ?" ತನ್ನ ಲ್ಯಾಪ್‌ಟಾಪಿನಲ್ಲಿ. ಚಿಗವ್ವ ನೋಡಿದ್ದು ಅಂಗಡಿಯ ಹಳೇ ವಿಂಡೋಸ್ ಕಂಪ್ಯೂಟರಿನಲ್ಲಿ. ಬೆರಳು ಮಾತ್ರ ಬದಲಾಗಿದೆ ಅಂತ ಅವರು ತಿಳ್ಕೊಂಡಿದ್ರು, ನಿಜಕ್ಕೂ ಯಂತ್ರ ಬದಲಾಗಿತ್ತು. "ಮಗನ ಲ್ಯಾಪ್‌ಟಾಪ್ ತರಿಸ್ರಿ, ಅದಕ್ಕ ಜೋಡಿಸಿ ನೀವs ಸವರಿ ನೋಡ್ರಿ." ಸಂಜೆ ಫೋನ್ ಬಂತು. ದನಿಯೇ ಬೇರೆ. "ತಮ್ಮಾ, ಓಡಾಕತ್ತೇತಿ! ನನ್ನ ಬೆರಳಿಗೇ ಓಡಾಕತ್ತೇತಿ!"

ಹಾಗಾದ್ರೆ ಕಾಯಿಲೆ ಎಲ್ಲಿ? ಆ ಹಳೇ ಒಪ್ಪಂದದಲ್ಲಿ. ಎಡಬಲ ಚಲನೆ, ಹಿಂದೆಮುಂದೆ ಚಲನೆ, ಕ್ಲಿಕ್, ಇಷ್ಟನ್ನ ಯಾವ ಕಂಪ್ಯೂಟರ್ ಆದರೂ ಅರ್ಥ ಮಾಡ್ಕೊಳ್ಳುತ್ತೆ. ಹೆಚ್ಚುಕಮ್ಮಿ ಎಂಗಲ್‌ಬಾರ್ಟ್‌ನ ಮರದ ಡಬ್ಬಿ ಮಾತಾಡ್ತಿದ್ದ ಭಾಷೆ ಅದು. ಆದರೆ ಇಂಥ ಮೌಸಿನ ಬೆನ್ನಿಂದ ಬರೋದು ಚಕ್ರದ ಲೆಕ್ಕ ಇರಲಿಕ್ಕಿಲ್ಲ, ಬೆರಳುಗಳು ಎಲ್ಲೆಲ್ಲಿವೆ ಅನ್ನೋ ವಿವರ. ಅದನ್ನ ಓದಿ "ಇದು ಸ್ಕ್ರಾಲ್" ಅಂತ ಅರ್ಥ ಹೇಳೋಕೆ ಕಂಪ್ಯೂಟರಿನೊಳಗೆ ಒಬ್ಬ ದುಭಾಷಿ ಬೇಕು. ಅವನೇ ಡ್ರೈವರ್. ಅಂಗಡಿಯ ಕಂಪ್ಯೂಟರಿನಲ್ಲಿ ಆ ದುಭಾಷಿ ಇರಲೇ ಇಲ್ಲ. ಮ್ಯಾಜಿಕ್ ಮೌಸಿನ ಭಾಷೆ ಬಲ್ಲ ಡ್ರೈವರ್ ಲಿನಕ್ಸ್‌ಗೆ ಸೇರಿದ್ದು 2010ರಲ್ಲಿ, ಅದೂ ಯಾರೋ ಕೂತು ಬರೆದ ಮೇಲೆ. ಚಿಗವ್ವ ಎರಡು ದಿನ ಕೊಳೆ ಹುಡುಕ್ತಿದ್ರು, ಕಾಲು ಶತಮಾನದ ಅನುಭವ ಅವರಿಗೆ ಅದನ್ನೇ ಕಲಿಸಿತ್ತು. ತಪ್ಪೇನಿಲ್ಲ. ಈ ಸಲ ಕೊಳೆ ಇರಲಿಲ್ಲ ಅಷ್ಟೇ.

ಮೌಸ್ ತಯಾರಿಸಿದವರದೇ ಜಾಲತಾಣದಿಂದ ಡ್ರೈವರ್ ಹಾಕಿಸಿದೆ. ಸಿಕ್ಕಸಿಕ್ಕ ಕಡೆಯಿಂದ ಡ್ರೈವರ್ ಇಳಿಸಬೇಡಿ, ವೈರಸ್ ಬರೋ ಹಳೇ ದಾರಿ ಅದು. ಬ್ಲೂಟೂತ್‌ನಲ್ಲಿ ಮೌಸನ್ನ ತೆಗೆದುಹಾಕಿ, ಮತ್ತೆ ಜೋಡಿಸಿ, ಕಂಪ್ಯೂಟರ್ ರೀಸ್ಟಾರ್ಟ್. ಪುಟ ಓಡಿತು. ಎರಡೇ ನಿಮಿಷಕ್ಕೆ ಮತ್ತೆ ಫೋನ್.

"ಓಡ್ತದ. ಆದ್ರ ಉಲ್ಟಾ ಓಡ್ತದ!"

ಇದೂ ಕೆಡುಕಲ್ಲ, ಇದೂ ಇತಿಹಾಸವೇ. ಚಕ್ರದ ಕಾಲದಲ್ಲಿ ನಾವು ಸರಿಸ್ತಿದ್ದಿದ್ದು ಸ್ಕ್ರಾಲ್ ಬಾರನ್ನ. ಚಕ್ರವನ್ನ ನಮ್ಮ ಕಡೆ ಎಳೆದ್ರೆ ಪಟ್ಟಿ ಕೆಳಗಿಳಿಯುತ್ತೆ, ಪುಟ ಮೇಲೇರುತ್ತೆ. ಫೋನಲ್ಲಿ ನಾವು ಪುಟವನ್ನೇ ಹಿಡಿದು ತಳ್ತೀವಿ. 2011ರಲ್ಲಿ ಆಪಲ್ ತನ್ನ ಲಯನ್ ಆವೃತ್ತಿಯಲ್ಲಿ ಫೋನಿನ ರೀತಿಯನ್ನ ಕಂಪ್ಯೂಟರಿಗೂ ತಂದು, ಅದಕ್ಕೆ "ಸಹಜ" ದಿಕ್ಕು ಅಂತ ಹೆಸರಿಟ್ಟಿತು. ನಿಮಗೆ ಅದು ಸಹಜ, ನೀವು ಫೋನಲ್ಲಿ ಕಲಿತವರು. ಚಕ್ರದಲ್ಲಿ ಕಲಿತ ಬೆರಳಿಗೆ ಅದೇ ಉಲ್ಟಾ. ಸೆಟ್ಟಿಂಗ್ಸ್‌ನಲ್ಲಿ ಒಂದು ಗುರುತು ತೆಗೆದ್ರೆ ಮುಗೀತು.

ಕೊನೆಗೆ ಇಷ್ಟು

ಎಂಗಲ್‌ಬಾರ್ಟ್‌ಗೆ ಮೌಸಿನ ಪೇಟೆಂಟ್ 1970ರಲ್ಲಿ ಸಿಕ್ಕಿತು, ಹಕ್ಕು ಅವರು ಕೆಲಸ ಮಾಡ್ತಿದ್ದ ಸಂಸ್ಥೆಯದಾಗಿತ್ತು. 1987ರಲ್ಲಿ ಅದರ ಅವಧಿಯೂ ಮುಗೀತು, ಮೌಸ್ ಮನೆಮನೆಗೆ ಬರೋ ಮುಂಚೆ. ಮೌಸಿಂದ ಅವರು ಶ್ರೀಮಂತರಾಗಲಿಲ್ಲ. 2013ರಲ್ಲಿ ತೀರಿಕೊಂಡ್ರು. ಅವರಿಗೆ ಬೇಕಾಗಿದ್ದು ಬೇರೆ. ಮನುಷ್ಯನ ಬುದ್ಧಿಗೆ ಯಂತ್ರ ಊರುಗೋಲಾಗಬೇಕು, ಕಷ್ಟದ ಸಮಸ್ಯೆಗಳನ್ನ ಜನ ಒಟ್ಟಿಗೆ ಕೂತು ಬಿಡಿಸಬೇಕು ಅನ್ನೋದು.

ಅರವತ್ತು ವರ್ಷದಲ್ಲಿ ಮೌಸ್ ನಯವಾಗ್ತಾ ಬಂತು, ಅದರ ರೋಗಗಳು ಕಣ್ಣಿಂದ ದೂರ ಆಗ್ತಾ ಬಂದವು. ಚಕ್ರದಿಂದ ಗುಂಡಿಗೆ, ಗುಂಡಿನಿಂದ ಬೀಗ ಹಾಕಿದ ಗುಂಡಿಗೆ, ಅಲ್ಲಿಂದ ಒಂದು ಸಾಫ್ಟ್‌ವೇರಿಗೆ. ಕಾಣದ ರೋಗಕ್ಕೆ ಕಾರಣ ಹುಡುಕುವಾಗ ಕೈಗೆ ಮೊದಲು ಸಿಗೋರು ನಾವೇ: ನನ್ನ ಬೆರಳು, ನನ್ನ ವಯಸ್ಸು, ನನ್ನ ಇಂಗ್ಲಿಷು. ನಿಮ್ಮ ಮನೆಯಲ್ಲಿ ಅಮ್ಮ, ಅಜ್ಜ, ಯಾರಾದ್ರೂ ಫೋನ್ ಚಾಚಿ "ನಂಗೆ ಇದೆಲ್ಲ ಬರಲ್ಲ" ಅಂದಾಗ, ಕಸಿದುಕೊಂಡು ಸರಿ ಮಾಡಿ ಕೊಟ್ಟುಬಿಡಬೇಡಿ. ಬಾಣ ಓಡುತ್ತಾ ಅಂತ ಮೊದಲು ಕೇಳಿ. ಯಾವುದು ನಡೀತಿದೆ ಅನ್ನೋದು ಗೊತ್ತಾದ್ರೆ ಯಾವುದು ನಿಂತಿದೆ ಅನ್ನೋದು ಅವರಿಗೇ ಕಾಣಿಸುತ್ತೆ.

ಸ್ಮರಣ ಸಂಚಿಕೆ ಹೇಳಿದ ದಿನಕ್ಕೆ ಪ್ರೆಸ್ಸಿಗೆ ಹೋಯ್ತು. ಅಂಗಡಿ ಬಿಡೋ ಮಾತು ಮತ್ತೆ ಬಂದಿಲ್ಲ. ಮೊನ್ನೆ ಗದಗಿಗೆ ಹೋದಾಗ ಚಿಗವ್ವನ ಡ್ರಾಯರ್ ತೆಗೆದು ನೋಡಿದೆ. ಟಾಚಣಿ ಡಬ್ಬಿಯಲ್ಲಿ ಒಂದು ಹಳೇ ಮೌಸಿನ ಗುಂಡು ಇನ್ನೂ ಇದೆ. ಯಾಕೆ ಇಟ್ಟಿದ್ದೀರಿ ಅಂದೆ. "ಇರ್ಲಿ ಬಿಡೋ," ಅಂದ್ರು, "ಅದರ ಜಡ್ಡು ನನಗ ತಿಳೀತಿತ್ತು."